ಮೋಟರ್‌ಹೋಮಿನ ಹೆಚ್ಚುವರಿ ಕೀಲಿಕೈಗೆ ಹಿಚ್ ಪೆಟ್ಟಿಗೆ: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ ಫೋರ್ಡ್ ಇ-450 ಷಾಸಿಯ (ಅಡಿಚೌಕಟ್ಟಿನ) ಮೇಲೆ ಕಟ್ಟಿದ ಮೋಟರ್‌ಹೋಮ್, ಅಂದರೆ ಒಳಗೇ ವಾಸಿಸಬಹುದಾದ ಮನೆಗಾಡಿ ಒಂದಿದೆ. ಚಾಲಕನ ತಲೆಯ ಮೇಲೆ ಅಟ್ಟದಂತೆ ಹಾಸಿಗೆ ಚಾಚಿಕೊಂಡಿರುವ, ಅಮೆರಿಕದಲ್ಲಿ ‘ಕ್ಲಾಸ್ ಸಿ’ ಎಂದು ಕರೆಯುವ ಬಗೆಯದು. ಅದರ ಹೆಚ್ಚುವರಿ ಕೀಲಿಕೈ ಇಡುವುದಕ್ಕಾಗಿ, ಗಾಡಿಯ ಹಿಂಭಾಗದ ಹಿಚ್ ರಿಸೀವರಿನೊಳಗೆ (ಟ್ರೇಲರ್ ಎಳೆಯುವ ಕೊಂಡಿ ಸಿಕ್ಕಿಸುವ ಉಕ್ಕಿನ ಬಾಯಿಯೊಳಗೆ) ಕೂರುವ, ನಾಲ್ಕು ಅಂಕಿಯ ಬೀಗವಿರುವ ಉಕ್ಕಿನ ಪೆಟ್ಟಿಗೆಯನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದೇ ವಿನ್ಯಾಸ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುವುದರಿಂದ ತಯಾರಕರ ಹೆಸರನ್ನು ಬದಿಗಿಟ್ಟು ವಿನ್ಯಾಸದ ಗುಣದೋಷಗಳನ್ನಷ್ಟೇ ಬರೆಯುತ್ತೇನೆ. ಕೊಳ್ಳುವ ಅವಸರದಲ್ಲಿರುವವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಪೆಟ್ಟಿಗೆ ಗಟ್ಟಿಯಾಗಿದೆ, ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಎಂಜಿನ್ ಚಾಲೂ ಮಾಡಬಲ್ಲ ಕೀಲಿಕೈಯನ್ನು ಅದರಲ್ಲಿ ಇಡಬಾರದು. ಹೊರಗಡೆ ಬಚ್ಚಿಟ್ಟ ಕೀಲಿಕೈಯಿಂದ ನಾವು ಒಳಗೆ ಹೋಗಲು ಸಾಧ್ಯವಾಗಬೇಕೇ ಹೊರತು, ಅದನ್ನು ಕಂಡುಕೊಂಡವನು ಗಾಡಿಯನ್ನೇ ಹೊಡೆದುಕೊಂಡು ಹೋಗಲು ಸಾಧ್ಯವಾಗಬಾರದು.

ಕಾರಿಗೆ ಒಂದೇ ಕೀಲಿಕೈ ಸಾಕು. ಮೋಟರ್‌ಹೋಮಿಗೆ ಗೊಂಚಲೇ ಬೇಕು. ಎಂಜಿನ್‌ಗೆ ಒಂದು, ಮನೆಯ ಭಾಗದ ಬಾಗಿಲಿನ ಹಿಡಿಗೆ ಒಂದು, ಅದೇ ಬಾಗಿಲಿನ ಅಗುಳಿಗೆ ಇನ್ನೊಂದು, ಹೊರಮೈಯಲ್ಲಿರುವ ಸಾಮಾನಿನ ಖಾನೆಗಳಿಗೆ ಮತ್ತೊಂದು. ಈ ಕೊನೆಯದರ ವಿಷಯದಲ್ಲಿ ಹೊಸಬರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಅಮೆರಿಕದಲ್ಲಿ ತಯಾರಾದ ಅನೇಕ ಆರ್‌ವಿಗಳ (ಮೋಟರ್‌ಹೋಮ್, ಪ್ರವಾಸಿ ಟ್ರೇಲರ್‌ನಂಥ ಮನೆಗಾಡಿಗಳ) ಸಾಮಾನಿನ ಖಾನೆಗಳಿಗೆ ಹಾಕಿರುವುದು ಸಿಎಚ್‌751 ಎಂಬ ಒಂದೇ ಗುರುತಿನ ಕೀಲಿಕೈಯಿಂದ ತೆರೆಯುವ ಬೀಗ. ನಿಮ್ಮ ಗೊಂಚಲಿನಲ್ಲಿರುವ ಸಣ್ಣ ಕೀಲಿಕೈಯ ತಲೆಯ ಮೇಲೆ ಆ ಅಕ್ಷರ ಮತ್ತು ಅಂಕಿಗಳು ಕೆತ್ತಿದ್ದರೆ, ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದಲ್ಲಿ ನಿಂತಿರುವ ಗಾಡಿಯ ಖಾನೆಯನ್ನೂ ನೀವು ತೆರೆಯಬಹುದು, ಅವರೂ ನಿಮ್ಮದನ್ನು ತೆರೆಯಬಹುದು. ಅಂಗಡಿಯಲ್ಲಿ ಅದು ಕೆಲವೇ ಡಾಲರಿಗೆ ಯಾರಿಗೆ ಬೇಕಾದರೂ ಸಿಗುತ್ತದೆ. ಹೀಗಿರುವಾಗ ನೀರಿನ ಪೈಪು, ಮಟ್ಟ ಮಾಡುವ ಮರದ ತುಂಡುಗಳ ನಡುವೆ ಎಂಜಿನ್ನಿನ ಕೀಲಿಕೈಯನ್ನು ಬಚ್ಚಿಟ್ಟು ‘ಬೀಗ ಹಾಕಿದ್ದೇನೆ’ ಎಂದು ನೆಮ್ಮದಿಯಾಗಿರುವುದರಲ್ಲಿ ಅರ್ಥವಿಲ್ಲ. ಆ ಬೀಗಗಳನ್ನು ಬಿಚ್ಚಿ ಕೊಳವೆಯಾಕಾರದ ಕೀಲಿಕೈಯ ಬೀಗಗಳನ್ನು ಹಾಕಿಕೊಳ್ಳುವುದು ಸುಲಭದ ಕೆಲಸ, ನಾನೂ ಹಾಕಿಕೊಂಡಿದ್ದೇನೆ. ಆದರೂ ಖಾನೆಯ ಬಾಗಿಲು ತೆಳು ತಗಡಿನದು ಎಂಬುದು ಬದಲಾಗುವುದಿಲ್ಲ.

ಪ್ರೊಪೇನ್ ಸಿಲಿಂಡರಿನ ಖಾನೆಯಲ್ಲಿ ಇಡುವವರನ್ನೂ ಕಂಡಿದ್ದೇನೆ. ಅವಘಡವಾದಾಗ ಯಾರು ಬೇಕಾದರೂ ತಕ್ಷಣ ಅನಿಲವನ್ನು ನಿಲ್ಲಿಸುವಂತಿರಬೇಕೆಂಬ ಕಾರಣಕ್ಕೆ ಆ ಖಾನೆಗೆ ಸಾಮಾನ್ಯವಾಗಿ ಬೀಗವೇ ಇರುವುದಿಲ್ಲ. ಇನ್ನು ಅಯಸ್ಕಾಂತದ ಡಬ್ಬಿ: ಕಾರಿಗಾಗಿ ಮಾಡಿದ ಈ ಡಬ್ಬಿಗಳು ಮೋಟರ್‌ಹೋಮಿನ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಮೈಗೆ ಅಂಟುವುದೇ ಇಲ್ಲ. ಕೆಳಗಿನ ಉಕ್ಕಿನ ಚೌಕಟ್ಟಿಗೆ ಅಂಟಿಸಬೇಕು. ಅಲ್ಲಿ ಕೆಸರು, ತುಕ್ಕು ಮತ್ತು ನಿರಂತರ ಅದುರಾಟದ ನಡುವೆ ಅದು ಎಷ್ಟು ದಿನ ಹಿಡಿದುಕೊಂಡೀತು ಎಂಬುದು ರಸ್ತೆಯ ಗುಂಡಿಗಳಿಗೆ ಬಿಟ್ಟದ್ದು. ಮಿಶಿಗನ್ ರಸ್ತೆಗಳನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೇಲಾಗಿ ಕಳ್ಳನು ಮೊದಲು ಕೈಯಾಡಿಸುವುದೂ ಚಕ್ರದ ಗೂಡು ಮತ್ತು ಬಂಪರಿನ ಒಳಬದಿಯಲ್ಲೇ.

ಈಗ ಪೆಟ್ಟಿಗೆಯ ವಿಷಯ. ಟ್ರೇಲರ್ ಎಳೆಯಲು ಗಾಡಿಯ ಹಿಂದೆ ಇರುವ 2 ಇಂಚಿನ ಚೌಕಾಕಾರದ ಉಕ್ಕಿನ ಬಾಯಿಗೆ ಇದನ್ನು ತೂರಿಸಬೇಕು. ಎಳೆಯುವ ಕೊಂಡಿಯ ಪಿನ್ ಹಾಕಲೆಂದು ರಿಸೀವರಿನ ಎರಡೂ ಪಕ್ಕಗಳಲ್ಲಿರುವ ರಂಧ್ರಗಳಿಗೆ ಪೆಟ್ಟಿಗೆಯ ಒಳಗಿನಿಂದಲೇ ಬೋಲ್ಟುಗಳು ಸಿಕ್ಕಿಕೊಳ್ಳುತ್ತವೆ. ಕೀಲಿಕೈ ಇಡುವ ಡ್ರಾಯರನ್ನು ಹೊರಗೆಳೆದ ಮೇಲೆ ಮಾತ್ರ ಆ ಬೋಲ್ಟುಗಳು ಕೈಗೆ ಸಿಗುತ್ತವೆ. ಅಂದರೆ ಸಂಖ್ಯೆ ಗೊತ್ತಿಲ್ಲದವನು ಪೆಟ್ಟಿಗೆಯನ್ನು ಇಡಿಯಾಗಿ ಕಿತ್ತುಕೊಂಡು ಹೋಗಲಾರ. ವಿನ್ಯಾಸದ ಜಾಣತನವಿರುವುದು ಇಲ್ಲಿಯೇ. ಕೊಂಡಿಯಿಂದ ನೇತುಹಾಕುವ ಬೀಗಪೆಟ್ಟಿಗೆಗಳಾದರೆ ಅವುಗಳ ಕುತ್ತಿಗೆಯನ್ನು ದೊಡ್ಡ ಕಟರಿನಿಂದ ಕತ್ತರಿಸಿ, ಒಯ್ದು, ಬಿಡುವಿನಲ್ಲಿ ಒಡೆಯಬಹುದು. ಇದಕ್ಕೆ ಕತ್ತರಿಸಲು ಸಿಗುವ ಕುತ್ತಿಗೆಯೇ ಇಲ್ಲ. ಹೊರಗೆ ಕಾಣುವುದು ಕಪ್ಪು ರಬ್ಬರಿನ ಮುಚ್ಚಳವೊಂದೇ, ಮತ್ತು ಅಂಥ ಮುಚ್ಚಳ ಅರ್ಧಕ್ಕರ್ಧ ಗಾಡಿಗಳ ಹಿಚ್‌ಗೆ ಹೇಗೂ ಇರುತ್ತದೆ.

ಅಂಕಿಯ ಗಾಲಿಗಳು ನಾಲ್ಕು, ಪ್ರತಿಯೊಂದರಲ್ಲಿ ಹತ್ತು ಅಂಕಿ, ಒಟ್ಟು 10,000 ಸಂಯೋಜನೆಗಳು. ಒಂದೊಂದಕ್ಕೆ ಮೂರು ಸೆಕೆಂಡು ಎಂದು ಹಿಡಿದರೂ ಎಲ್ಲವನ್ನೂ ಪ್ರಯತ್ನಿಸಲು ಎಂಟು ಗಂಟೆಗೂ ಹೆಚ್ಚು ಕಾಲ ಬಂಪರಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂರಬೇಕು. ಮನೆಗಳ ಗೋಡೆಗೆ ಹಾಕುವ ಗುಂಡಿಯ ಪೆಟ್ಟಿಗೆಗಳೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಅವುಗಳಲ್ಲಿ ಹಲವಕ್ಕೆ ಗುಂಡಿಗಳನ್ನು ಯಾವ ಕ್ರಮದಲ್ಲಿ ಒತ್ತಿದರೂ ನಡೆಯುತ್ತದೆ. ಹತ್ತು ಗುಂಡಿಗಳಲ್ಲಿ ನಾಲ್ಕನ್ನು ಕ್ರಮವಿಲ್ಲದೆ ಆರಿಸುವುದಾದರೆ ಬರುವ ಸಂಯೋಜನೆಗಳು ಕೇವಲ 210. ಬಳಸಿ ಬಳಸಿ ನಾಲ್ಕು ಗುಂಡಿಗಳ ಬಣ್ಣ ಮಾಸಿದ್ದರಂತೂ ಲೆಕ್ಕ ಹಾಕುವ ಶ್ರಮವೂ ಬೇಡ. ಹಾಗೆಂದು ನಮ್ಮ ಪೆಟ್ಟಿಗೆ ಭೇದಿಸಲಾಗದ ಕೋಟೆಯಲ್ಲ. ಹಿಡಿಯನ್ನು ಮೆಲ್ಲಗೆ ಎಳೆಯುತ್ತಾ ಗಾಲಿ ತಿರುಗಿಸಿ, ಯಾವ ಅಂಕಿಯಲ್ಲಿ ಅದು ತಡೆಯುತ್ತದೆಂದು ಬೆರಳಿನಲ್ಲೇ ಗ್ರಹಿಸುವ ಪರಿಣತರಿದ್ದಾರೆ. ಆದ್ದರಿಂದಲೇ ನನ್ನ ಗಮನವೆಲ್ಲ ಪೆಟ್ಟಿಗೆಯ ಬಲಕ್ಕಿಂತ ಅದರೊಳಗೆ ಏನಿದೆ ಎಂಬುದರ ಮೇಲೆಯೇ ಇದೆ.

ನಮ್ಮ ಗಾಡಿಯ ಎಂಜಿನ್ ಕೀಲಿಕೈಯ ಪ್ಲಾಸ್ಟಿಕ್ ತಲೆಯಲ್ಲಿ ಸಣ್ಣ ಚಿಪ್ ಇದೆ. ಕೀಲಿಕೈಯನ್ನು ತಿರುಗಿಸಿದಾಗ ಸ್ಟಿಯರಿಂಗ್ ಕಂಬದಲ್ಲಿರುವ ಸುರುಳಿಯು ಆ ಚಿಪ್‌ಗೆ ಶಕ್ತಿಯೂಡಿ ಅದರ ಗುರುತನ್ನು ಓದುತ್ತದೆ. ಗುರುತು ಹೊಂದದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಈ ಚಿಪ್‌ಗೆ ಬ್ಯಾಟರಿಯ ಅಗತ್ಯವಿಲ್ಲ. ಆದರೆ ಬಾಗಿಲಿಗೆ ಚಿಪ್‌ನ ಗೊಡವೆಯೇ ಇಲ್ಲ, ಅದು ನೋಡುವುದು ಲೋಹದ ಹಲ್ಲುಗಳನ್ನು ಮಾತ್ರ. ಆದ್ದರಿಂದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಚಿಪ್ ಇಲ್ಲದ ಬರಿ ಲೋಹದ ನಕಲನ್ನು ಕತ್ತರಿಸಿಕೊಂಡು ಬಂದೆ. ಅದು ಚಾಲಕನ ಬಾಗಿಲನ್ನು ತೆರೆಯುತ್ತದೆ. ಇಗ್ನಿಷನ್ನಿನಲ್ಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಕಳ್ಳತನದ ದೀಪ ಪಟಪಟನೆ ಮಿಟುಕುತ್ತದೆ, ಅಷ್ಟೇ. ಈ ನಕಲು ಮತ್ತು ಮನೆಬಾಗಿಲಿನ ಎರಡು ಕೀಲಿಕೈಗಳು ಹಿಚ್ ಪೆಟ್ಟಿಗೆಯಲ್ಲಿವೆ. ತಲೆ ತೆಳುವಾಗಿರುವುದರಿಂದ ಮೂರೂ ಒಂದೇ ಬಳೆಯಲ್ಲಿ ಸಲೀಸಾಗಿ ಕೂರುತ್ತವೆ. ಅದುರಿ ಸದ್ದು ಮಾಡದಂತೆ ಹಳೆಯ ಕಾಲುಚೀಲದ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ.

ಚಿಪ್ ಇರುವ ನಿಜವಾದ ಹೆಚ್ಚುವರಿ ಕೀಲಿಕೈಯು ಗಾಡಿಯ ಒಳಗೆ, ಊಟದ ಮೇಜಿನ ಆಸನದ ಕೆಳಗೆ ನೆಲಕ್ಕೆ ಬೋಲ್ಟ್ ಮಾಡಿದ ಸಣ್ಣ ಉಕ್ಕಿನ ಸೇಫಿನಲ್ಲಿದೆ. ಅದರ ಸಂಖ್ಯೆ ಬೇರೆ. ಹೀಗೆ ಮಾಡುವವರು ರಂಧ್ರ ಕೊರೆಯುವ ಮೊದಲು ನೆಲದಡಿಯಲ್ಲಿ ನೀರಿನ ಟ್ಯಾಂಕ್, ಅನಿಲದ ಕೊಳವೆ ಮತ್ತು ತಂತಿಗಳು ಎಲ್ಲಿ ಹಾದುಹೋಗಿವೆ ಎಂಬುದನ್ನು ಗಾಡಿಯ ಕೆಳಗೆ ಮಲಗಿ ನೋಡಿಕೊಳ್ಳಲೇಬೇಕು. ಇನ್ನೊಂದು ಚಿಪ್ ಕೀಲಿಕೈ ಡೆಟ್ರಾಯಿಟ್ ಬಳಿಯ ನಮ್ಮ ಮನೆಯಲ್ಲಿರುತ್ತದೆ. ಫೋರ್ಡಿನ ಈ ವ್ಯವಸ್ಥೆಯಿರುವ ಅನೇಕ ವಾಹನಗಳಲ್ಲಿ, ನೋಂದಾಯಿತವಾದ ಎರಡು ಕೀಲಿಕೈಗಳು ಕೈಯಲ್ಲಿದ್ದರೆ ಮೂರನೆಯದನ್ನು ಮಾಲೀಕರೇ ಸೇರಿಸಿಕೊಳ್ಳಬಹುದು, ಎಂಟರವರೆಗೂ ಅವಕಾಶವಿದೆ. ಕ್ರಮವು ಗಾಡಿಯ ಕೈಪಿಡಿಯಲ್ಲೇ ಇರುತ್ತದೆ. ಒಂದು ಕಳೆದು ಒಂದೇ ಉಳಿದ ಮೇಲೆ ಈ ಸೌಲಭ್ಯ ಹೋಗುತ್ತದೆ, ಆಮೇಲೆ ಡೀಲರ್ ಅಥವಾ ಉಪಕರಣವಿರುವ ಬೀಗದ ಕೆಲಸಗಾರರೇ ಗತಿ. ಆದ್ದರಿಂದ ಹಳೆಯ ಗಾಡಿ ಕೊಂಡವರು ಪೆಟ್ಟಿಗೆಗೆ ಹಣ ಹಾಕುವ ಮೊದಲು ಮೂರನೆಯ ಚಿಪ್ ಕೀಲಿಕೈಗೆ ಹಣ ಹಾಕುವುದು ಲೇಸು.

ಹವಾಮಾನದ ಪರೀಕ್ಷೆಯಲ್ಲಿ ಪೆಟ್ಟಿಗೆ ತೇರ್ಗಡೆಯಾಗಿದೆ, ಪ್ರಥಮ ದರ್ಜೆಯಲ್ಲೇನೂ ಅಲ್ಲ. ಹಿಂದಿನ ಚಕ್ರಗಳು ಎರಚುವ ನೀರು ನೇರವಾಗಿ ಹಿಚ್‌ಗೆ ಬಡಿಯುತ್ತದೆ. ವಸಂತದ ಆರಂಭದಲ್ಲಿ ರಸ್ತೆಯ ಮೇಲೆ ಹಿಮ ಕರಗಿಸಲು ಹಾಕಿದ ಉಪ್ಪು ಇನ್ನೂ ಇರುತ್ತದೆ. ರಿಸೀವರಿನ ಒಳಮೈ ತುಕ್ಕು ಹಿಡಿದು ಉಬ್ಬಿದಾಗ ಪೆಟ್ಟಿಗೆ ಅಲ್ಲೇ ಕಚ್ಚಿಕೊಳ್ಳುವ ಸಂಭವವಿದೆ. ಹಾಗಾಗಿ ಪ್ರತಿ ವರ್ಷ ಚಳಿಗಾಲಕ್ಕೆ ಗಾಡಿಯನ್ನು ನಿಲ್ಲಿಸುವಾಗ, ಕೊಳಾಯಿಗಳು ಹೆಪ್ಪುಗಟ್ಟಿ ಒಡೆಯದಂತೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ತುಂಬುವ ದಿನವೇ, ಪೆಟ್ಟಿಗೆಯನ್ನು ಹೊರತೆಗೆದು ಒಳಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಳುವಾಗಿ ಗ್ರೀಸ್ ಹಚ್ಚುತ್ತೇನೆ. ಅಂಕಿಯ ಗಾಲಿಗಳಿಗೆ ಮಾತ್ರ ಗ್ರೀಸ್ ಆಗಲಿ ಎಣ್ಣೆಯಾಗಲಿ ಕೂಡದು. ಧೂಳು ಅಂಟಿ ಹಿಟ್ಟಿನಂತಾಗಿ ಗಾಲಿಗಳು ಬಿಗಿಯುತ್ತವೆ. ಒಣ ಗ್ರಾಫೈಟ್ ಪುಡಿಯೇ ಸರಿ. ಚಳಿಯಲ್ಲಿ ಒಳಗೆ ಸೇರಿದ ತೇವ ಹೆಪ್ಪುಗಟ್ಟಿದರೆ ಗಾಲಿ ತಿರುಗುವುದಿಲ್ಲ. ಆಗ ಬಿಸಿನೀರು ಸುರಿದರೆ ಅದೂ ಸ್ವಲ್ಪ ಹೊತ್ತಿನಲ್ಲಿ ಹೆಪ್ಪುಗಟ್ಟುತ್ತದೆ. ಬೀಗಗಳಿಗೆಂದೇ ಸಿಗುವ ಹಿಮ ಕರಗಿಸುವ ದ್ರವದ ಸಣ್ಣ ಶೀಶೆಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು, ಗಾಡಿಯೊಳಗಿಟ್ಟರೆ ಪ್ರಯೋಜನವಿಲ್ಲ.

ಪೆಟ್ಟಿಗೆ ನಿಜವಾಗಿ ಬೆಲೆ ಬಾಳುವುದು ಮಿಶಿಗನ್ನಿನ ಉತ್ತರದ ತುದಿಯಲ್ಲಿ. ಯು.ಎಸ್. 41 ಹೆದ್ದಾರಿ ಕೊನೆಗೊಳ್ಳುವ ಕಾಪರ್ ಹಾರ್ಬರಿನಿಂದ ಐಲ್ ರಾಯಲ್ ರಾಷ್ಟ್ರೀಯ ಉದ್ಯಾನಕ್ಕೆ ಹಡಗು ಹೊರಡುತ್ತದೆ. ದ್ವೀಪಕ್ಕೆ ವಾಹನ ಒಯ್ಯುವಂತಿಲ್ಲ. ಗಾಡಿಯನ್ನು ದಡದಲ್ಲಿ ಬಿಟ್ಟು, ಸುಪೀರಿಯರ್ ಸರೋವರದ ಮೇಲೆ ಮೂರು ಗಂಟೆಗೂ ಮೀರಿದ ಪಯಣ ಮಾಡಿ, ಕೆಲವು ದಿನ ಕಾಡಿನಲ್ಲಿ ನಡೆದು ಮರಳಬೇಕು. ಬೆನ್ನಚೀಲದಿಂದ ಕೀಲಿಕೈ ಎಲ್ಲಿ ಬಿದ್ದರೂ ಮತ್ತೆ ಸಿಗುವ ಮಾತಿಲ್ಲ. ದಡದಲ್ಲಿ ಮೊಬೈಲ್ ಸಂಪರ್ಕ ದುರ್ಬಲ, ದೊಡ್ಡ ಊರೆಂದರೆ ಸುಮಾರು 45 ಮೈಲಿ ದೂರದ ಹೌಟನ್. ಮನೆಯಲ್ಲಿರುವ ಕೀಲಿಕೈಯನ್ನು ಯಾರಾದರೂ ಕೊರಿಯರ್ ಮಾಡಲಿ ಎಂದು ಕಾಯುವುದಕ್ಕೆ ಅದು ಜಾಗವಲ್ಲ.

ಆದರೆ ದಿನನಿತ್ಯದ ಉಪಯೋಗ ಇಷ್ಟು ಸಾಹಸದ್ದಲ್ಲ. ಆರ್‌ವಿಯ ಮನೆಬಾಗಿಲಿನ ಹಿಡಿಗೆ ಬೀಗ ಹಾಕಿದ್ದರೆ, ಬಾಗಿಲು ಗಾಳಿಗೆ ಬಡಿದುಕೊಂಡರೂ ಬೀಗ ಬಿದ್ದೇ ಇರುತ್ತದೆ. ಹಾಸನದಿಂದ ಬಂದಿದ್ದ ನಮ್ಮ ಮಾವನವರು ಬೆಳಗಿನ ಜಾವ ಕೆರೆದಂಡೆ ನೋಡಲೆಂದು ಇಳಿದಾಗ ಹೀಗೇ ಆಯಿತು. ಒಳಗೆ ಯಾರೂ ಇರಲಿಲ್ಲ, ನಾವೆಲ್ಲ ಸ್ನಾನದ ಕಟ್ಟಡಕ್ಕೆ ಹೋಗಿದ್ದೆವು. ಮುಂಚೆಯೇ ಅವರಿಗೆ ಸಂಖ್ಯೆ ಹೇಳಿಕೊಟ್ಟಿದ್ದೆ, ಅವರೂ ಅದನ್ನು ಮರೆತಿರಲಿಲ್ಲ. ಆದರೆ ನಾವು ಮರಳಿದಾಗ ಅವರು ಬಂಪರಿನ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. “ನಂಬರು ನೆನಪಿದೆ ಕಣಪ್ಪಾ, ಅಲ್ಲಿಗೆ ಬಗ್ಗೋಕೆ ಮಂಡಿ ಒಪ್ಪಬೇಕಲ್ಲ. ಬಗ್ಗಿದರೂ ಆ ಅಂಕಿ ಕಾಣಬೇಕಲ್ಲ” ಎಂದರು. ಅವರ ಮಾತು ನೂರಕ್ಕೆ ನೂರು ನಿಜ. ಹಿಚ್ ಇರುವುದು ಮೊಣಕಾಲಿನ ಮಟ್ಟಕ್ಕಿಂತ ಕೆಳಗೆ. ಅಂಕಿಗಳು ಅಕ್ಕಿಕಾಳಿಗಿಂತ ತುಸು ದೊಡ್ಡವು, ಕಪ್ಪು ಗಾಲಿಯ ಮೇಲೆ ಬಿಳಿ ಬಣ್ಣ ತುಂಬಿದಂಥವು, ಆ ಬಿಳಿಯೂ ಎರಡೇ ವರ್ಷಗಳಲ್ಲಿ ಮಾಸಿತು. ಬಿಳಿ ನೇಲ್ ಪಾಲಿಷ್ ಹಚ್ಚಿ ಒರೆಸಿದರೆ ಕೆತ್ತನೆಯೊಳಗೆ ಬಣ್ಣ ಉಳಿದು ಮತ್ತೆ ಓದಬಹುದು. ತಯಾರಕರು ಇದನ್ನು ತಾವೇ ಸರಿಪಡಿಸಬೇಕಿತ್ತು.

ಇನ್ನೆರಡು ಕೊರತೆಗಳಲ್ಲಿ ಒಂದು ದೊಡ್ಡದು. ರಿಸೀವರಿನಲ್ಲಿ ಪೆಟ್ಟಿಗೆ ಇದ್ದರೆ ಅಲ್ಲಿ ಬೇರೇನೂ ಕೂರುವುದಿಲ್ಲ. ಮೋಟರ್‌ಹೋಮಿನ ಹಿಂದೆ ಸಣ್ಣ ಕಾರನ್ನು ಎಳೆದುಕೊಂಡು ಹೋಗುವವರಿಗೆ, ಸೈಕಲ್ ಸ್ಟ್ಯಾಂಡ್ ಸಿಕ್ಕಿಸುವವರಿಗೆ ಇದು ಸುತರಾಂ ಆಗದು. ಎರಡನೆಯದು ಡ್ರಾಯರಿನ ಅಳತೆ: ಹೊರಗಿನ 2 ಇಂಚಿನಲ್ಲಿ ಉಕ್ಕಿನ ದಪ್ಪ ಕಳೆದರೆ ಉಳಿಯುವ ಜಾಗದಲ್ಲಿ ಹೊಸ ಗಾಡಿಗಳ ದಪ್ಪ ರಿಮೋಟ್ ಕೀಲಿಕೈಗಳು ತುರುಕಿದರೂ ಹೋಗುವುದಿಲ್ಲ. ಹೋದರೂ, ಹತ್ತಿರ ಬಂದರೆ ತಾನೇ ಬಾಗಿಲು ತೆರೆಯುವ ಬಗೆಯ ಕೀಲಿಕೈಯನ್ನು ಬರಿ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಉಕ್ಕಿನೊಳಗಿದ್ದ ಮಾತ್ರಕ್ಕೆ ಸಂಕೇತ ನಿಲ್ಲುತ್ತದೆಂದು ನಂಬಬಾರದು. ಸಂಕೇತ ತಡೆಯುವ ಚೀಲದೊಳಗೆ ಹಾಕಿ, ಬಾಗಿಲ ಬಳಿ ನಿಂತು ಹಿಡಿ ಎಳೆದು ಪರೀಕ್ಷಿಸಿಯೇ ಮುಂದುವರಿಯಬೇಕು.

ಕಾರು ಎಳೆಯುವವರು ಮನೆಬಾಗಿಲಿಗೆ ಅಂಕಿ ಒತ್ತುವ ಹಿಡಿ ಹಾಕಿಸಿಕೊಳ್ಳುವುದು ಮೇಲು. ನಿಂತುಕೊಂಡೇ ತೆರೆಯಬಹುದು, ಅಂಕಿಗಳಿಗೆ ಬೆಳಕೂ ಇರುತ್ತದೆ. ಮಾವನವರ ಮುಂದಿನ ಭೇಟಿಗೆ ಮೊದಲು ನಾನೂ ಅದನ್ನು ಹಾಕಿಸುವವನಿದ್ದೇನೆ. ಆದರೂ ಹಿಚ್ ಪೆಟ್ಟಿಗೆಯನ್ನು ತೆಗೆಯುವುದಿಲ್ಲ: ಆ ಹಿಡಿಗಳು ನಡೆಯುವುದು ಬ್ಯಾಟರಿಯ ಮೇಲೆ, ಮಿಶಿಗನ್ನಿನ ಚಳಿಯಲ್ಲಿ ಬ್ಯಾಟರಿ ಕೈಕೊಟ್ಟಾಗ ಅವುಗಳನ್ನು ತೆರೆಯಲು ಮತ್ತೆ ಲೋಹದ ಕೀಲಿಕೈಯೇ ಬೇಕು. ಕೊಳ್ಳುವವರು ಜೊತೆಗೆ ಒಂದೆರಡು ರಬ್ಬರ್ ಮುಚ್ಚಳಗಳನ್ನೂ ತರಿಸಿಕೊಳ್ಳಲಿ. ಪೆಟ್ಟಿಗೆಯ ಜೊತೆ ಬಂದದ್ದು ಮೊದಲ ಬೇಸಿಗೆಯಲ್ಲೇ ಹೆದ್ದಾರಿಯ ಪಾಲಾಗುತ್ತದೆ. ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ 2 ಇಂಚಿನ ಯಾವ ಹಿಚ್ ಮುಚ್ಚಳವಾದರೂ ಸರಿಹೊಂದುತ್ತದೆ, ಅಂಚಿಗೆ ತೂತು ಮಾಡಿ ತಂತಿಯಿಂದ ಸುರಕ್ಷತಾ ಸರಪಳಿಯ ಬಳೆಗೆ ಬಿಗಿದರೆ ಅಲ್ಲೇ ಉಳಿಯುತ್ತದೆ.