ವಾರದ ಬಟವಾಡೆಗೆ ಓವರ್‌ಡ್ರಾಫ್ಟೋ, ಬಂಗಾರದ ಸಾಲವೋ?

ಶಿರಸಿಯ ಬಳಿ ಅಡಿಕೆ ಹಾಳೆ ತಟ್ಟೆಯ ಘಟಕ ಆರಂಭಿಸಿರುವ ತಾವು, ಕೆಲಸದವರ ವಾರದ ಬಟವಾಡೆಗೆ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಹಣವಿಲ್ಲದಿದ್ದರೂ ಬ್ಯಾಂಕು ಒಪ್ಪಿದ ಮಿತಿಯೊಳಗೆ ತೆಗೆಯುವ ಸೌಲಭ್ಯ), ಬಂಗಾರದ ಸಾಲ ಇವೆರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಮಳೆಗೆ ಮೊದಲೇ ಒಣ ಹಾಳೆ ಕೊಂಡು ಅಟ್ಟಕ್ಕೇರಿಸಬೇಕಾದ ಈ ಉದ್ಯಮದಲ್ಲಿ ಮೇ ಮುಗಿಯುವಷ್ಟರಲ್ಲಿ ಕೈ ಬರಿದಾಗುತ್ತದೆ. ತಟ್ಟೆ ಮಾರಿದ ಹಣವಾದರೋ ನಿಧಾನವಾಗಿ ಬರುತ್ತದೆ.

ಖರ್ಚಿನಲ್ಲಿ ಓವರ್‌ಡ್ರಾಫ್ಟ್ ಹಗುರ, ಏಕೆಂದರೆ ಬಳಸಿದ ಮೊತ್ತಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಶೇ. 12ರ ದರವೆಂದುಕೊಂಡರೆ, ಶನಿವಾರ ತೆಗೆದ 30,000 ರೂಪಾಯಿಯನ್ನು ಹತ್ತು ದಿನದಲ್ಲಿ ತುಂಬಿದಾಗ ತಗಲುವುದು ಸುಮಾರು 99 ರೂಪಾಯಿ. ಬಂಗಾರವಿಟ್ಟು ಒಮ್ಮೆಲೇ 3 ಲಕ್ಷ ತಂದರೆ, ದರ ಶೇ. 10 ಇದ್ದರೂ, ಹಣ ಪೆಟ್ಟಿಗೆಯಲ್ಲೇ ಕುಳಿತಿದ್ದರೂ ತಿಂಗಳಿಗೆ 2,500 ರೂಪಾಯಿ ಬಡ್ಡಿ ಬೆಳೆಯುತ್ತದೆ.

ಸುಲಭವಾಗಿ ಸಿಗುವುದು ಮಾತ್ರ ಬಂಗಾರದ ಸಾಲವೇ. ಓವರ್‌ಡ್ರಾಫ್ಟಿಗೆ ಬ್ಯಾಂಕು ವ್ಯವಹಾರದ ಲೆಕ್ಕಪತ್ರ ಕೇಳುತ್ತದೆ. ಹೊಸಬರ ಬಳಿ ಅದೆಲ್ಲಿಂದ ಬರಬೇಕು?

ಆದ್ದರಿಂದ ಮೊದಲ ಮಳೆಗಾಲಕ್ಕೆ, ಬೇಕಾದಷ್ಟನ್ನೇ ಅಳೆದು, ಬಂಗಾರದ ಸಾಲ ಸರಿ. ಒಂದು ವರ್ಷದ ಲೆಕ್ಕ ಕೈಯಲ್ಲಿದ್ದು ವಸೂಲಿ ನಿಯಮಿತವಾಗಿದ್ದರೆ ಓವರ್‌ಡ್ರಾಫ್ಟ್ ಲೇಸು. ಬಾಕಿಯೇ ಬಾರದಿದ್ದರೆ ಎರಡೂ ಹೊರೆಯೇ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿಯಿದ್ದಲ್ಲಿ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಕರಾರಿದ್ದರೂ ಖರೀದಿದಾರರು ಪಾವತಿಯನ್ನು 45 ದಿನ ಮೀರಿಸುವಂತಿಲ್ಲ.