ಮಡಿಕೇರಿಯ ಭಾನುವಾರದ ಎಂಬಿಎ ಟ್ಯೂಷನ್: ಡ್ಯೂಪಾಂಟ್‌ಗೆ ಫುಲ್ ಮಾರ್ಕ್ಸ್, ಸ್ಕೋರ್‌ಕಾರ್ಡ್‌ಗೆ ಸೊನ್ನೆ

ಮಡಿಕೇರಿಯಲ್ಲಿ ಭಾನುವಾರ ನಡೆಯುವ ಒಂದು ಟ್ಯೂಷನ್ ಬಗ್ಗೆ ಬರೆಯುತ್ತಿದ್ದೇನೆ. ದೂರಶಿಕ್ಷಣದಲ್ಲಿ ಎಂಬಿಎ, ಎಂಕಾಂ ಮಾಡುತ್ತಿರುವವರಿಗೆ 'ಬಿಸಿನೆಸ್ ಪರ್ಫಾರ್ಮೆನ್ಸ್ ಅನಾಲಿಸಿಸ್' ಅನ್ನುವ ಒಂದೇ ಪೇಪರ್ ಹೇಳಿಕೊಡುತ್ತಾರೆ. ಹೆಸರು ಹಾಕುವುದಿಲ್ಲ, ಕೆಳಗೆ ಸ್ವಲ್ಪ ಬೈಗುಳವೂ ಇದೆ.

ಮೊದಲೇ ಹೇಳಿಬಿಡುತ್ತೇನೆ, ಸೇರಬಹುದು. ಆದರೆ ಮನೆಯ ತೋಟದ್ದೋ, ಹೋಂಸ್ಟೇದ್ದೋ, ಅಂಗಡಿಯದ್ದೋ ಲೆಕ್ಕದ ಪುಸ್ತಕ ಜೊತೆಗಿರಲಿ. ಇಲ್ಲದಿದ್ದರೆ ಅರ್ಧ ಫೀಸು ದಂಡ. ಸಾರ್ ಸೂತ್ರ ಕಲಿಸುವುದರಲ್ಲಿ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ನೋಟ್ಸ್‌ನಲ್ಲಿರುವ ಲೆಕ್ಕಗಳು ಮಾತ್ರ ಎಲ್ಲವೂ ಪ್ರತಿ ತಿಂಗಳು ಬಿಲ್ ಮಾಡುವ ಕಂಪನಿಗಳದ್ದು. ವರ್ಷಕ್ಕೆ ಒಂದೇ ಸಲ ದುಡ್ಡು ನೋಡುವ ನಮ್ಮ ಕಡೆಯ ವ್ಯವಹಾರಕ್ಕೆ ಅದೇ ಅಳತೆಗೋಲು ಇಟ್ಟರೆ ಉತ್ತರ ಏನೇನೋ ಬರುತ್ತದೆ.

ಒಳ್ಳೆಯದರಿಂದ ಶುರು ಮಾಡೋಣ. ಡ್ಯೂಪಾಂಟ್ ಲೆಕ್ಕ ಕಲಿಸಿದ ಕ್ಲಾಸ್ ನಿಜಕ್ಕೂ ಚೆನ್ನಾಗಿತ್ತು. 1910ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ಡೊನಾಲ್ಡ್‌ಸನ್ ಬ್ರೌನ್ ಎಂಬುವರು ಶುರು ಮಾಡಿದ ಪದ್ಧತಿ ಇದು. ಹಾಕಿದ ಬಂಡವಾಳಕ್ಕೆ ಎಷ್ಟು ಬಂತು ಅನ್ನುವ ಒಂದು ಅಂಕಿಯನ್ನು ಒಡೆದು, ಅದು ಎಲ್ಲಿಂದ ಬಂತು ಅಂತ ನೋಡುವುದು. ಈಗ ಪುಸ್ತಕಗಳಲ್ಲಿ ಮೂರು ತುಂಡು: ಮಾರ್ಜಿನ್ (ನೂರು ರೂಪಾಯಿ ವ್ಯಾಪಾರಕ್ಕೆ ಲಾಭ ಎಷ್ಟು), ಆಸ್ತಿ ಎಷ್ಟು ದುಡಿಯಿತು, ಸಾಲ ಎಷ್ಟು ಸೇರಿದೆ. ಇಷ್ಟು ಎಲ್ಲ ಕಡೆ ಸಿಗುತ್ತದೆ. ಸಾರ್ ಏನು ಮಾಡಿದರು ಅಂದರೆ, ಬೋರ್ಡ್ ಮೇಲೆ ಎರಡು ಹೋಂಸ್ಟೇ ಬರೆದರು. ಎರಡಕ್ಕೂ ವರ್ಷಕ್ಕೆ 20 ಲಕ್ಷ ವ್ಯಾಪಾರ, ಎರಡರದ್ದೂ 80 ಲಕ್ಷದ ಆಸ್ತಿ. ಮೊದಲನೆಯದರಲ್ಲಿ ಸ್ವಂತ ದುಡ್ಡು 40 ಲಕ್ಷ, ಲಾಭ 4 ಲಕ್ಷ. ಎರಡನೆಯವರು ಸ್ವಂತದ್ದು 20 ಲಕ್ಷ ಮಾತ್ರ ಹಾಕಿ ಉಳಿದದ್ದು ಬ್ಯಾಂಕಿನಿಂದ ತಂದವರು. ಜಾಸ್ತಿ ತಂದ 20 ಲಕ್ಷಕ್ಕೆ 10 ಪರ್ಸೆಂಟ್ ಬಡ್ಡಿ ಹೋಗಿ ಲಾಭ 2 ಲಕ್ಷಕ್ಕೆ ಇಳಿಯಿತು.

"ಯಾರದ್ದು ವಾಸಿ?" ಅಂತ ಕೇಳಿದರು. ಲೆಕ್ಕ ಹಾಕಿದರೆ ಎರಡಕ್ಕೂ ಸ್ವಂತ ಬಂಡವಾಳದ ಮೇಲೆ 10 ಪರ್ಸೆಂಟೇ ಬರುತ್ತದೆ! ಒಡೆದಾಗ ಗೊತ್ತಾಗುತ್ತದೆ, ಒಂದರದ್ದು ಮಾರ್ಜಿನ್ 20 ಪರ್ಸೆಂಟ್, ಸಾಲದ ಗುಣಕ (ಆಸ್ತಿ ಸ್ವಂತ ದುಡ್ಡಿನ ಎಷ್ಟು ಪಟ್ಟು) 2. ಇನ್ನೊಂದರದ್ದು ಮಾರ್ಜಿನ್ 10, ಗುಣಕ 4. ಆಮೇಲೆ ಸಾರ್ 2018ರ ಆಗಸ್ಟ್ ನೆನಪಿಸಿದರು. ಗುಡ್ಡ ಕುಸಿದು, ರಸ್ತೆ ಹೋಗಿ, ಟೂರಿಸ್ಟ್‌ಗಳು ಬರುವುದೇ ನಿಂತು ಹೋಗಿತ್ತಲ್ಲ. ಅಂಥ ವರ್ಷ ವ್ಯಾಪಾರದಲ್ಲಿ 3 ಲಕ್ಷ ಕೈ ತಪ್ಪಿತು, ಖರ್ಚು ಹಾಗೇ ಇತ್ತು ಅಂದುಕೊಳ್ಳಿ. ಮೊದಲನೆಯವರಿಗೆ 1 ಲಕ್ಷವಾದರೂ ಉಳಿಯುತ್ತದೆ, ಎರಡನೆಯವರಿಗೆ 1 ಲಕ್ಷ ನಷ್ಟ. ಕ್ಲಾಸಿನಲ್ಲಿ ಹೋಂಸ್ಟೇ ನಡೆಸುವ ಮನೆಯವರು ಕೆಲವರಿದ್ದರು, ಯಾರೂ ಮಾತಾಡಲಿಲ್ಲ.

ಅವರಲ್ಲೇ ಒಬ್ಬರು ಅಕ್ಕ ಆಮೇಲೆ ಒಂದು ಪ್ರಶ್ನೆ ಹಾಕಿದರು. "ಸಾರ್, ಬೆಳಿಗ್ಗೆ ಎದ್ದು ಅಕ್ಕಿರೊಟ್ಟಿ ತಟ್ಟುವವಳು ನಾನು, ರೂಮು ಗುಡಿಸಿ ಬೆಡ್‌ಶೀಟ್ ಹಾಕುವವಳೂ ನಾನು. ನನ್ನ ಸಂಬಳ ಈ ಲೆಕ್ಕದಲ್ಲಿ ಎಲ್ಲಿದೆ?" ಸಾರ್ ಒಂದು ನಿಮಿಷ ಯೋಚಿಸಿ, ಇಂಥ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ ಏನು ಕೊಡಬೇಕೋ ಅದನ್ನು ಖರ್ಚಿಗೆ ಹಾಕಿ ಅಂದರು. ಹಾಕಿ ನೋಡಿದರೆ ಆ 20 ಪರ್ಸೆಂಟ್ ಮಾರ್ಜಿನ್ ಹೆಚ್ಚುಕಮ್ಮಿ ಮಾಯ. ಈ ಪೇಪರಿನಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಇದೇ, ಮತ್ತು ಇದು ನೋಟ್ಸ್‌ನಲ್ಲಿ ಎಲ್ಲೂ ಇಲ್ಲ.

ತೋಟದ ವಿಷಯಕ್ಕೆ ಬಂದರೆ ಟ್ಯೂಷನ್ ತಡವರಿಸುತ್ತದೆ. ಕರೆಂಟ್ ರೇಷಿಯೋ ತೆಗೆದುಕೊಳ್ಳಿ, ಅಂದರೆ ವರ್ಷದೊಳಗೆ ಕೊಡಬೇಕಾದ ಸಾಲಕ್ಕೆ ಎದುರಾಗಿ ಕೈಯಲ್ಲಿರುವ ದುಡ್ಡು, ಸ್ಟಾಕು ಎಷ್ಟು ಪಟ್ಟು ಅನ್ನುವುದು. ಲೆಕ್ಕ ಮುಚ್ಚುವುದು ಮಾರ್ಚ್ 31ಕ್ಕೆ. ರೋಬಸ್ಟಾ ಕಾಫಿ ಕೊಯ್ದು ಒಣಗಿಸಿ ಮೂಟೆ ಕಟ್ಟುವುದೂ ಹೆಚ್ಚುಕಮ್ಮಿ ಆ ಹೊತ್ತಿಗೇ. ಗೋಡೌನ್ ತುಂಬಿರುತ್ತದೆ, ರೇಷಿಯೋ ಭರ್ಜರಿ. ಅದೇ ತೋಟವನ್ನು ಆಗಸ್ಟ್‌ನಲ್ಲಿ ನೋಡಿ, ಗೊಬ್ಬರಕ್ಕೂ ಕೂಲಿಗೂ ಸೊಸೈಟಿ ಸಾಲ. ಇನ್ನು ಸ್ಟಾಕ್ ಎಷ್ಟು ದಿನ ಕೂತಿದೆ ಅನ್ನುವ ಲೆಕ್ಕ. ನೋಟ್ಸ್ ಪ್ರಕಾರ ಜಾಸ್ತಿ ದಿನ ಕೂತರೆ ಮ್ಯಾನೇಜ್‌ಮೆಂಟ್ ಸರಿಯಿಲ್ಲ. ಆದರೆ 2024ರಲ್ಲಿ ರೋಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿತಲ್ವಾ, ಆಗ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾರದೆ ಇಟ್ಟವರೇ ಗೆದ್ದರು. ಕರಿಮೆಣಸನ್ನಂತೂ ವರ್ಷಗಟ್ಟಲೆ ಇಟ್ಟುಕೊಳ್ಳುವವರಿದ್ದಾರೆ. ಅದು ಆಲಸ್ಯ ಅಲ್ಲ, ಅದೂ ಒಂದು ಲೆಕ್ಕಾಚಾರ. ಒಂದೇ ವರ್ಷದ ರೇಷಿಯೋ ಹಿಡಿದು ತೋಟಕ್ಕೆ ಮಾರ್ಕು ಹಾಕಬಾರದು. ಹೂಮಳೆ ಕೈಕೊಟ್ಟ ವರ್ಷವೂ ಬರುತ್ತದೆ, ಗಿಡ ಸುಸ್ತಾಗಿ ಕಾಯಿ ಕಮ್ಮಿಯಾದ ವರ್ಷವೂ ಬರುತ್ತದೆ. ಕನಿಷ್ಠ ಐದು ವರ್ಷದ ಸರಾಸರಿ ಬೇಕು. ಇದನ್ನು ಕೇಳಿದರೆ "ಎಕ್ಸಾಮ್‌ಗೆ ಎರಡು ವರ್ಷದ ಹೋಲಿಕೆ ಸಾಕು" ಅನ್ನುವ ಉತ್ತರ ಬಂತು. ಎಕ್ಸಾಮ್‌ಗೆ ಸಾಕು, ಸರಿ.

ಆಸ್ತಿಯ ಬೆಲೆ ಇನ್ನೊಂದು ತಲೆನೋವು. ಜಮ್ಮಾ ಜಾಗಕ್ಕೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿಗೆ, ಪುಸ್ತಕದಲ್ಲಿ ಎಷ್ಟು ಬರೆಯುತ್ತೀರಿ? ತಾತನ ಕಾಲದ ಅಂಕಿ ಹಾಕಿದರೆ ತೋಟದಷ್ಟು ಲಾಭದ ವ್ಯವಹಾರ ಪ್ರಪಂಚದಲ್ಲೇ ಇಲ್ಲ. ಇವತ್ತಿನ ಮಾರ್ಕೆಟ್ ರೇಟ್ ಹಾಕಿದರೆ ಎಲ್ಲ ಮಾರಿ ಎಫ್‌ಡಿ ಇಡುವುದೇ ವಾಸಿ ಅನ್ನಿಸುತ್ತದೆ. (ಮನೆಯಲ್ಲಿ ಈ ಮಾತು ಆಡಿ ನೋಡಿ, ರಾತ್ರಿ ಊಟ ಸಿಗುವುದಿಲ್ಲ.) ಎರಡೂ ಹಾಕಿ, ಎರಡೂ ಉತ್ತರ ಬರೆಯಿರಿ ಅಂತ ಸಾರ್ ಹೇಳಿದ್ದು ಸರಿಯಾಗಿಯೇ ಇತ್ತು.

ಟ್ಯಾಕ್ಸ್ ವಿಷಯದಲ್ಲಿ ಮಾತ್ರ ಅವರಿಗೆ ಸಲಾಂ. ಬೆಳೆದವರೇ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ಹದ ಮಾಡಿ) ಮಾರಿದ ಕಾಫಿಯಲ್ಲಿ ಬಂದ ಆದಾಯದ 25 ಪರ್ಸೆಂಟ್ ಮಾತ್ರ ಬಿಸಿನೆಸ್ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ 40 ಪರ್ಸೆಂಟ್. ಉಳಿದದ್ದು ಕೃಷಿ ಆದಾಯದ ಲೆಕ್ಕ. 1962ರ ಇನ್‌ಕಮ್ ಟ್ಯಾಕ್ಸ್ ರೂಲ್ಸ್‌ನ 7ಬಿ ರೂಲ್ ಇದು. ಹಾಗಾಗಿ ಕಾಫಿ ಕಂಪನಿಯನ್ನು ಬಿಸ್ಕತ್ ಕಂಪನಿಯ ಪಕ್ಕ ಇಟ್ಟು ಟ್ಯಾಕ್ಸ್ ಕಳೆದ ಲಾಭ ಹೋಲಿಸಬೇಡಿ, ಟ್ಯಾಕ್ಸ್‌ಗೆ ಮುಂಚಿನದ್ದು ನೋಡಿ ಅಂದರು. ಪೊಲ್ಲಿಬೆಟ್ಟದ ಟಾಟಾ ಕಾಫಿಯ ಹಳೆಯ ವಾರ್ಷಿಕ ವರದಿಗಳನ್ನು ಓದಿಸಿದ್ದೂ ಒಳ್ಳೆಯ ಕೆಲಸ. ಆ ಕಂಪನಿ 2006ರಲ್ಲಿ ಅಮೆರಿಕದ ಏಟ್ ಓ'ಕ್ಲಾಕ್ ಕಾಫಿಯನ್ನು ಕೊಂಡಿತ್ತು. ಹಾಗಾಗಿ ಸ್ಟ್ಯಾಂಡಲೋನ್ ಲೆಕ್ಕ (ಆ ಕಂಪನಿಯದ್ದು ಮಾತ್ರ) ನೋಡಿದರೆ ಒಂದು ಕಂಪನಿ, ಕನ್ಸಾಲಿಡೇಟೆಡ್ (ಕೊಂಡ ಕಂಪನಿಗಳನ್ನೂ ಸೇರಿಸಿದ್ದು) ನೋಡಿದರೆ ಬೇರೆಯೇ ಕಂಪನಿ. ನಮ್ಮ ಕಡೆ ಇರುವ ಅವರ ತೋಟಗಳು ಹೇಗೆ ನಡೆಯುತ್ತಿದ್ದವು ಅಂತ ತಿಳಿಯಬೇಕಾದರೆ ಯಾವ ಪುಟ ತೆಗೆಯಬೇಕು ಅನ್ನುವುದು ಆಗ ಗೊತ್ತಾಯಿತು. 2024ರ ಜನವರಿಯಲ್ಲಿ ಅದು ಟಾಟಾ ಕನ್ಸ್ಯೂಮರ್ ಜೊತೆ ವಿಲೀನವಾಯಿತು, ಈಗ ಬೇರೆ ವರದಿ ಬರುವುದಿಲ್ಲ. ಗಿಡದ ಲೆಕ್ಕ ಒಂದು ನಿಯಮದಲ್ಲಿ, ಗಿಡದ ಮೇಲಿನ ಕಾಯಿಯ ಲೆಕ್ಕ ಇನ್ನೊಂದರಲ್ಲಿ, ಇಂಡ್ ಎಎಸ್ (ಭಾರತದ ಲೆಕ್ಕಪತ್ರ ಮಾನದಂಡ) 16 ಮತ್ತು 41, ಅನ್ನುವುದನ್ನೂ ಹೇಳಿದರು, ಆದರೆ ಓಡಿಸಿಬಿಟ್ಟರು.

ಈಗ ಬೈಗುಳ. ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಸುಮ್ನೆ ಸ್ಲೈಡ್ ಓದಿದ್ದು. ಕ್ಯಾಪ್ಲನ್, ನಾರ್ಟನ್ ಇಬ್ಬರೂ 1992ರಲ್ಲಿ ಕೊಟ್ಟದ್ದು, ನಾಲ್ಕು ಚೌಕ (ದುಡ್ಡು, ಗಿರಾಕಿ, ಒಳಗಿನ ಕೆಲಸ, ಕಲಿಕೆ), ಮುಗಿಯಿತು. ದುಡ್ಡಿನ ಅಂಕಿ ಹೋದ ವರ್ಷದ ಕತೆ ಹೇಳುತ್ತದೆ, ಉಳಿದ ಮೂರು ಚೌಕ ಮುಂದಿನದ್ದು ಹೇಳಬೇಕು ಅನ್ನುವುದೇ ಅದರ ಜೀವ. ಕೊಯ್ಲಿನಲ್ಲಿ ಹಣ್ಣು ಎಷ್ಟು, ಹಸಿರು ಕಾಯಿ ಎಷ್ಟು, ಹೋದ ವರ್ಷದ ಕೆಲಸದವರಲ್ಲಿ ಎಷ್ಟು ಜನ ವಾಪಸ್ ಬಂದರು, ಇಂಥದ್ದನ್ನು ಹಾಕಿಸಿದ್ದರೆ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತಿತ್ತು. ಅದು ಬಿಟ್ಟು ಯಾವುದೋ ಸಾಫ್ಟ್‌ವೇರ್ ಕಂಪನಿಯ ಅಸೈನ್‌ಮೆಂಟ್ ಕೊಟ್ಟರು.

ಕಂಪನಿ ದಿವಾಳಿಯಾಗುವ ಅಪಾಯ ಅಳೆಯುವ ಆಲ್ಟ್‌ಮನ್ ಝಡ್ ಸ್ಕೋರ್ ಪಾಠ ಇನ್ನೂ ಕೆಟ್ಟದಾಗಿತ್ತು. 1968ರ ಮೂಲ ಸೂತ್ರ ಮಾಡಿದ್ದು ಷೇರು ಮಾರುಕಟ್ಟೆಯಲ್ಲಿರುವ ಕಾರ್ಖಾನೆ ಕಂಪನಿಗಳಿಗೆ. ಅದರ ನಾಲ್ಕನೇ ರೇಷಿಯೋಗೆ ಷೇರಿನ ಮಾರುಕಟ್ಟೆ ಬೆಲೆ ಬೇಕೇ ಬೇಕು. ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ನಡೆಸುವ ತೋಟಕ್ಕೆ ಷೇರು ಬೆಲೆ ಎಲ್ಲಿಂದ ತರುವುದು? ಲಿಸ್ಟ್ ಆಗದ ಕಂಪನಿಗಳಿಗೆ ಆಲ್ಟ್‌ಮನ್ ಅವರೇ ಆಮೇಲೆ ಬೇರೆ ಸೂತ್ರ ಕೊಟ್ಟಿದ್ದಾರೆ, ಕಾರ್ಖಾನೆ ಅಲ್ಲದವಕ್ಕೂ ಇದೆ. ನೋಟ್ಸ್‌ನಲ್ಲಿ ಅದರ ಸುಳಿವೇ ಇಲ್ಲ. ಝೆರಾಕ್ಸ್ ಕೂಡ ಮಂಕು, 1.8 ಯಾವುದು 1.3 ಯಾವುದು ಗೊತ್ತಾಗಲ್ಲ. ಝಡ್ ಸ್ಕೋರ್‌ನಲ್ಲಿ 1.81ಕ್ಕಿಂತ ಕೆಳಗಿದ್ದರೆ ಅಪಾಯ ಅಂತ ಅರ್ಥ, ಅಲ್ಲಿ ಅಕ್ಷರ ಕಾಣದಿದ್ದರೆ ಹೇಗೆ?

ಉಳಿದದ್ದು ಸಣ್ಣಪುಟ್ಟ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಸಿದ್ದಾಪುರ, ವಿರಾಜಪೇಟೆ ಕಡೆಯವರು ಬಸ್ ಟೈಮ್ ಹೇಳಿದರೆ ಸ್ವಲ್ಪ ಬೇಗ ಬಿಡುತ್ತಾರೆ. ಆನ್‌ಲೈನ್ ಬ್ಯಾಚ್ ನಂಬಬೇಡಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ರೆಕಾರ್ಡಿಂಗ್ ಕೊಡುವುದಿಲ್ಲ. ಫೀಸು ಎರಡು ಕಂತಿನಲ್ಲಿ ಕಟ್ಟಬಹುದು, ಕೇಳಿದರೆ ಮಾತ್ರ ಹೇಳುತ್ತಾರೆ. ತೋಟ ಇರುವವರು ಜನವರಿ ಬ್ಯಾಚ್ ಬಿಟ್ಟು ಕೊಯ್ಲು ಮುಗಿದ ಮೇಲಿನದ್ದಕ್ಕೆ ಸೇರಿ. ಸ್ಕೋರ್‌ಕಾರ್ಡ್ ಇರುವ ಭಾನುವಾರ ಚಕ್ಕರ್ ಹೊಡೆದರೂ ನಷ್ಟವಿಲ್ಲ, ಟ್ಯಾಕ್ಸ್ ಕ್ಲಾಸ್ ಮಾತ್ರ ಬಿಡಬೇಡಿ.