ಬಿದ್ದೆದ್ದು ಬೀಳುವ ಲಿಂಕ್‌ಗೆ ರೂಟರ್‌ನ ಡ್ಯಾಂಪನಿಂಗ್: ಮೂರು ವರ್ಷಗಳ ಬಳಕೆಯ ನಂತರ

ಪೂರ್ತಿ ಕಡಿದುಹೋದ ಲಿಂಕ್‌ಗಿಂತ ಬಿದ್ದೆದ್ದು ಬೀಳುತ್ತಲೇ ಇರುವ ಲಿಂಕ್ ಹೆಚ್ಚು ಕಾಡುತ್ತದೆ. ಕಡಿದುಹೋದರೆ ಸಂಚಾರವೆಲ್ಲ ಒಮ್ಮೆ ಬದಲಿ ದಾರಿ ಹಿಡಿದು ಅಲ್ಲೇ ನಿಲ್ಲುತ್ತದೆ. ಆದರೆ ಫ್ಲ್ಯಾಪ್ ಆಗುವ, ಅಂದರೆ ಹೀಗೆ ಬಿದ್ದೆದ್ದು ಬೀಳುವ ಲಿಂಕ್‌ನಲ್ಲಿ ಪ್ರತಿ ಸಲವೂ ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿಯನ್ನು ಹಂಚಿಕೊಳ್ಳುವ ಪ್ರೋಟೋಕಾಲ್) ನೆರೆಸಂಬಂಧ ಮುರಿದು ಮತ್ತೆ ಕೂಡುತ್ತದೆ, ಆ ಸುದ್ದಿ ಏರಿಯಾದ (ಓಎಸ್‌ಪಿಎಫ್ ಜಾಲದ ಆ ಭಾಗದ) ಎಲ್ಲ ರೂಟರ್‌ಗಳಿಗೂ ಹರಡುತ್ತದೆ, ಅವೆಲ್ಲವೂ ದಾರಿಗಳನ್ನು ಹೊಸದಾಗಿ ಲೆಕ್ಕ ಹಾಕುತ್ತವೆ. ಇದನ್ನು ತಡೆಯಲೆಂದೇ ನಮ್ಮ ರೂಟರ್‌ನಲ್ಲಿರುವ ಇಂಟರ್‌ಫೇಸ್ ಡ್ಯಾಂಪನಿಂಗ್ ಸೌಲಭ್ಯವನ್ನು ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ.

ಇದರ ಕೆಲಸದ ರೀತಿ ಸರಳ. ಇಂಟರ್‌ಫೇಸ್ (ಲಿಂಕ್ ಬಂದು ಸೇರುವ ಪೋರ್ಟ್) ಒಮ್ಮೆ ಬಿದ್ದರೆ 1000 ದಂಡಾಂಕ ಸೇರುತ್ತದೆ; ಅರ್ಧಾಯುವಿನ ಅವಧಿ ಕಳೆದಂತೆಲ್ಲ ಆ ಅಂಕ ಅರ್ಧಕ್ಕಿಳಿಯುತ್ತದೆ; ಒಟ್ಟು 2000 ದಾಟಿದರೆ, ಲಿಂಕ್ ಎದ್ದಿದ್ದರೂ ರೂಟಿಂಗ್ ಪ್ರೋಟೋಕಾಲ್‌ಗಳಿಗೆ ಅದು ಬಿದ್ದಿದೆಯೆಂದೇ ತಿಳಿಸಲಾಗುತ್ತದೆ; ಅಂಕ 1000ಕ್ಕಿಂತ ಕೆಳಗಿಳಿದ ಮೇಲೆ ಮತ್ತೆ ಬಳಕೆಗೆ ಬರುತ್ತದೆ. ಮೊದಲೇ ಇರುವ ಹೊಂದಿಕೆಯಲ್ಲಿ ಅರ್ಧಾಯು 5 ಸೆಕೆಂಡು, ತಡೆಹಿಡಿಯುವ ಗರಿಷ್ಠ ಅವಧಿ ಅದರ ನಾಲ್ಕು ಪಟ್ಟು, ಅಂದರೆ 20 ಸೆಕೆಂಡು.

ನಾನು ಎಡವಿದ್ದು ಇಲ್ಲೇ. ಸೌಲಭ್ಯವನ್ನು ಚಾಲೂ ಮಾಡಿ ನಿಶ್ಚಿಂತನಾಗಿದ್ದೆ. ಆದರೂ ಒಂದು ರಾತ್ರಿ ನಮ್ಮ ಫೈಬರ್ ಲಿಂಕ್ ಸುಮಾರು 20 ಸೆಕೆಂಡಿಗೊಮ್ಮೆ ಬೀಳುತ್ತ ಬೆಳಗಿನವರೆಗೂ ಜಾಲವನ್ನೆಲ್ಲ ಕಲಕಿತು. ಲಾಗ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗಲೇ ಕಾರಣ ತಿಳಿಯಿತು: 20 ಸೆಕೆಂಡಿನಲ್ಲಿ ನಾಲ್ಕು ಅರ್ಧಾಯುಗಳು ಕಳೆದು, 1000 ಅಂಕ 62ಕ್ಕೆ ಇಳಿದಿರುತ್ತಿತ್ತು. ಮುಂದಿನ ಬೀಳುವಿಕೆಗೆ ಅದು 1062 ಆಗುತ್ತಿತ್ತೇ ಹೊರತು 2000ದ ಹತ್ತಿರಕ್ಕೂ ಬರುತ್ತಿರಲಿಲ್ಲ. ಅರ್ಧಾಯುವನ್ನು 30 ಸೆಕೆಂಡಿಗೆ ಏರಿಸಿದ ಮೇಲೆ ಅದೇ ಲಯದಲ್ಲಿ ಅಂಕ 1000, 1630, 2027 ಎಂದು ಏರಿ ಮೂರನೆಯ ಸಲಕ್ಕೇ ಲಿಂಕ್ ತಡೆಗೆ ಒಳಗಾಯಿತು. ಫ್ಲ್ಯಾಪ್ ಮುಂದುವರಿದಿರುವವರೆಗೂ ಅಂಕ 1000ಕ್ಕಿಂತ ಕೆಳಗಿಳಿಯದ ಕಾರಣ ಅದು ತಡೆಯಲ್ಲೇ ಉಳಿಯಿತು, ಉಳಿದ ರೂಟರ್‌ಗಳು ಶಾಂತವಾದವು. ಆದ್ದರಿಂದ ಈ ಸೌಲಭ್ಯವನ್ನು ಬಳಸುವವರು ತಮ್ಮ ಲಿಂಕ್ ಯಾವ ಲಯದಲ್ಲಿ ಬೀಳುತ್ತಿದೆಯೆಂದು ಮೊದಲು ಲಾಗ್‌ನಲ್ಲಿ ನೋಡಬೇಕು, ಆಮೇಲೆ ಅರ್ಧಾಯುವನ್ನು ಗೊತ್ತುಮಾಡಬೇಕು ಎಂದು ಒತ್ತಿ ಹೇಳುತ್ತೇನೆ.

ಇದರ ಜೊತೆಗೆ ಕ್ಯಾರಿಯರ್ ಡಿಲೇಯನ್ನೂ (ಲಿಂಕ್ ಬಿದ್ದ ಅಥವಾ ಎದ್ದ ಸುದ್ದಿ ತಿಳಿಸುವ ಮುನ್ನ ರೂಟರ್ ಕಾಯುವ ಸಮಯ) ಹೊಂದಿಸಿಕೊಳ್ಳಬೇಕು. ಲಿಂಕ್ ಬಿದ್ದದ್ದು ಪ್ರೋಟೋಕಾಲ್‌ಗೆ ಕೂಡಲೇ ತಿಳಿಯಲಿ, ಎದ್ದದ್ದು ಕೆಲವು ಸೆಕೆಂಡು ತಡವಾಗಿ ತಿಳಿಯಲಿ ಎಂಬ ಕ್ರಮವೇ ನನಗೆ ಸರಿಹೋಗಿದೆ. ಎರಡೂ ಕಡೆ ತಡ ಮಾಡಿದರೆ, ನಿಜವಾಗಿಯೂ ಬಿದ್ದ ಲಿಂಕ್‌ನೊಳಕ್ಕೆ ಅಷ್ಟು ಹೊತ್ತು ಪ್ಯಾಕೆಟ್‌ಗಳನ್ನು ಸುರಿದಂತಾಗುತ್ತದೆ.

ಕೊರತೆಗಳೂ ಇವೆ. ತಡೆಯಲ್ಲಿರುವ ಇಂಟರ್‌ಫೇಸ್ ಭೌತಿಕವಾಗಿ ಎದ್ದೇ ಇರುವುದರಿಂದ ಪೋರ್ಟ್‌ನ ಹಸಿರು ದೀಪ ಉರಿಯುತ್ತಿರುತ್ತದೆ. ಇದನ್ನು ತಿಳಿಯದ ಸಹೋದ್ಯೋಗಿಯೊಬ್ಬರು ಓಎಸ್‌ಪಿಎಫ್ ಕನ್ಫಿಗರೇಶನ್‌ನಲ್ಲೇ ತಪ್ಪು ಹುಡುಕುತ್ತ ಒಂದು ಮಧ್ಯಾಹ್ನವನ್ನು ಕಳೆದರು. ಡ್ಯಾಂಪನಿಂಗ್‌ನ ಸ್ಥಿತಿ ತೋರಿಸುವ ಕಮಾಂಡ್ ಅನ್ನು ಮೊದಲು ಓಡಿಸುವುದು ಈಗ ನಮ್ಮಲ್ಲಿ ರೂಢಿಯಾಗಿದೆ. ಉಪ ಇಂಟರ್‌ಫೇಸ್‌ಗಳಿಗೆ (ಒಂದೇ ಪೋರ್ಟ್‌ನೊಳಗಿನ ತಾರ್ಕಿಕ ವಿಭಾಗಗಳಿಗೆ) ಬೇರೆ ಬೇರೆ ಮಿತಿ ಕೊಡಲು ಬರುವುದಿಲ್ಲ, ಮುಖ್ಯ ಇಂಟರ್‌ಫೇಸ್‌ನ ಹೊಂದಿಕೆಯೇ ಎಲ್ಲಕ್ಕೂ ಅನ್ವಯಿಸುತ್ತದೆ. ಇದಕ್ಕಿಂತ ದೊಡ್ಡ ಮಿತಿಯೆಂದರೆ, ನಡುವೆ ಮೀಡಿಯಾ ಕನ್ವರ್ಟರ್ (ಫೈಬರ್‌ಗೂ ತಾಮ್ರದ ತಂತಿಗೂ ನಡುವೆ ಸಂಕೇತ ಬದಲಿಸುವ ಸಾಧನ) ಅಥವಾ ಸ್ವಿಚ್ ಇದ್ದಾಗ ಆಚೆ ತುದಿ ಸತ್ತರೂ ನಮ್ಮ ಪೋರ್ಟ್ ಎದ್ದೇ ಇರಬಹುದು, ಆಗ ಡ್ಯಾಂಪನಿಂಗ್‌ಗೆ ಏನೂ ಕಾಣುವುದಿಲ್ಲ. ಅಲ್ಲಿ ಬಿಎಫ್‌ಡಿ (ಎರಡು ತುದಿಗಳ ನಡುವೆ ಸಣ್ಣ ಪ್ಯಾಕೆಟ್‌ಗಳನ್ನು ಸತತವಾಗಿ ಕಳಿಸಿ ಸಂಪರ್ಕವನ್ನು ಪರೀಕ್ಷಿಸುವ ಪ್ರೋಟೋಕಾಲ್) ಬೇಕು. ನಾವು 300 ಮಿಲಿಸೆಕೆಂಡಿನ ಅಂತರದಲ್ಲಿ ಮೂರು ಪ್ಯಾಕೆಟ್ ತಪ್ಪಿದರೆ ಬಿದ್ದಂತೆ ಎಂದು ಇಟ್ಟಿದ್ದೇವೆ. ಅಂದರೆ ಓಎಸ್‌ಪಿಎಫ್‌ನ ಸಾಮಾನ್ಯ 40 ಸೆಕೆಂಡಿನ ಕಾಯುವಿಕೆ ಒಂದು ಸೆಕೆಂಡಿಗೂ ಕಡಿಮೆಯಾಗಿದೆ.

ಬೇರೆ ಬೇರೆ ಸಂಸ್ಥೆಗಳ ಜಾಲಗಳ ನಡುವೆ ಮಾರ್ಗ ತಿಳಿಸುವ ಬಿಜಿಪಿಯ ರೂಟ್ ಫ್ಲ್ಯಾಪ್ ಡ್ಯಾಂಪಿಂಗ್ ಇದಕ್ಕಿಂತ ಬೇರೆಯದು. 1998ರ ಆರ್‌ಎಫ್‌ಸಿ (ಅಂತರ್ಜಾಲದ ತಾಂತ್ರಿಕ ದಾಖಲೆ) 2439ರಲ್ಲಿ ವಿವರಿಸಿದ ಆ ವಿಧಾನದಲ್ಲಿ, ಒಂದೇ ಬದಲಾವಣೆ ಹಲವು ದಾರಿಗಳ ಮೂಲಕ ಹಲವು ಸಲ ಎಣಿಕೆಯಾಗಿ ಒಳ್ಳೆಯ ಮಾರ್ಗಗಳೂ ತಡೆಗೆ ಸಿಕ್ಕುತ್ತಿದ್ದವು. 2014ರ ಆರ್‌ಎಫ್‌ಸಿ 7196 ತಡೆಯ ಮಿತಿಯನ್ನು ಹೆಚ್ಚಿಸಲು ಸೂಚಿಸಿತು. ಇಂಟರ್‌ಫೇಸ್ ಡ್ಯಾಂಪನಿಂಗ್ ನಮ್ಮದೇ ಪೋರ್ಟ್‌ನ ಬೀಳುವಿಕೆಯನ್ನಷ್ಟೇ ಎಣಿಸುವುದರಿಂದ ಈ ತೊಡಕು ಇಲ್ಲಿಲ್ಲ.

ಆ ಫೈಬರ್ ಲಿಂಕ್‌ನ ಮೂಲ ದೋಷ ಸಿಕ್ಕಿದ್ದು ಬೆಳಗ್ಗೆ. ರ‍್ಯಾಕ್‌ನ ಬಾಗಿಲಿಗೂ ಚೌಕಟ್ಟಿಗೂ ನಡುವೆ ಹಳದಿ ಪ್ಯಾಚ್ ಕಾರ್ಡ್ (ಚಿಕ್ಕ ಫೈಬರ್ ಕೇಬಲ್) ಸಿಕ್ಕಿ, ಬೆರಳಿನಷ್ಟು ಸಣ್ಣ ಬಳಸಿನಲ್ಲಿ ಬಾಗಿತ್ತು. ಪೋರ್ಟ್‌ನ ಆಪ್ಟಿಕಲ್ ಮಾಡ್ಯೂಲ್ ಗ್ರಹಿಸುತ್ತಿದ್ದ ಬೆಳಕು ಮೈನಸ್ 21 ಡಿಬಿಎಂಗೆ (ಬೆಳಕಿನ ಬಲದ ಅಳತೆ) ಕುಸಿದಿತ್ತು. ಕಾರ್ಡ್ ಬದಲಿಸಿ, ಕನೆಕ್ಟರ್ ಒರೆಸಿದ ಮೇಲೆ ಅದು ಮೈನಸ್ 12ಕ್ಕೆ ಬಂದು ನಿಂತಿತು. ಅರ್ಧಾಯು ಏರಿಸಿದ ಮೇಲೆ ಡ್ಯಾಂಪನಿಂಗ್ ನಮಗೆ ಒದಗಿಸಿದ್ದು ಈ ಹುಡುಕಾಟಕ್ಕೆ ಬೇಕಾದ ಬಿಡುವನ್ನು.

ಬದಲಿ ದಾರಿ ಇರುವ ಕಡೆಗಳಲ್ಲೆಲ್ಲ ಇದನ್ನು ಬಳಸಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆದರೆ ಒಂದೇ ಲಿಂಕ್ ನಂಬಿರುವ ಶಾಖಾ ಕಚೇರಿಯ ರೂಟರ್‌ನಲ್ಲಿ ಬೇಡ. ಅಲ್ಲಿ ಎದ್ದ ಲಿಂಕ್ ಅನ್ನೂ ಬಿದ್ದಂತೆ ಹಿಡಿದಿಟ್ಟರೆ ಬಳಕೆದಾರರ ಸಂಪರ್ಕ ಇನ್ನಷ್ಟು ಹೊತ್ತು ಕಡಿದುಹೋಗುತ್ತದೆ, ಹಾಗಾಗಿ ನಾನು ಅಂಥ ಕಡೆ ಅದನ್ನು ತೆಗೆದುಹಾಕಿದ್ದೇನೆ.